ಕೊಳದ ನೀರು ಚೆಲ್ಲುವ ಮುನ್ನ ಪಂಪ್ ಕೋಣೆಯ ಬಾಗಿಲು ತೆಗೆಯಿರಿ

ಮಾನ್ಯ ಸಂಪಾದಕರೇ,

ಮಾರ್ಚ್ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆ ಬೋರಿನ ನೀರು ಆಳಕ್ಕಿಳಿಯುತ್ತದೆ. ಅದೇ ಹೊತ್ತಿಗೆ ತೋಟದ ಮನೆಗಳಲ್ಲಿ, ಊರ ಹೊರಗಿನ ಹೊಸ ಬಡಾವಣೆಗಳಲ್ಲಿ ಕಟ್ಟಿಸಿಕೊಂಡ ಈಜುಕೊಳಗಳ ನೀರು ಹಸಿರಾಗತೊಡಗುತ್ತದೆ. ಹೆಚ್ಚಿನವರು ಆಗ ಮಾಡುವುದು ಒಂದೇ ಕೆಲಸ: ಇದ್ದ ನೀರನ್ನೆಲ್ಲ ಹಳ್ಳಕ್ಕೆ ಬಿಟ್ಟು ಟ್ಯಾಂಕರಿಗೆ ಫೋನು ಮಾಡುವುದು. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ ಕೊಳವೆಂದರೆ 40,000 ಲೀಟರ್ ನೀರು. 5,000 ಲೀಟರಿನ ಟ್ಯಾಂಕರ್ ಎಂಟು ಸಲ ಬಂದು ಹೋಗಬೇಕು. ಅಷ್ಟು ತುಂಬಿಸಿದರೂ ಎರಡು ವಾರಕ್ಕೆ ಮತ್ತೆ ಅದೇ ಹಸಿರು, ಏಕೆಂದರೆ ಕೆಟ್ಟದ್ದು ನೀರಲ್ಲ. ಪಂಪ್ ಕೋಣೆಯಲ್ಲಿ ಎಲ್ಲೋ ಒಂದು ರಬ್ಬರ್ ಉಂಗುರ ಸವೆದಿರುತ್ತದೆ, ಫಿಲ್ಟರಿನ ಮರಳು ಗಟ್ಟಿಯಾಗಿರುತ್ತದೆ, ಇಲ್ಲವೇ ಟೈಮರ್ ಹಿಂದೆ ಬಿದ್ದಿರುತ್ತದೆ. ಈ ಯಂತ್ರಗಳ ದುರಸ್ತಿಯೇ ಕಸುಬಾಗಿರುವ ನಾವು ಕೊಳ ಇರುವವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮೊದಲು ಯಂತ್ರ ನೋಡಿ, ಆಮೇಲೆ ನೀರಿನ ಮಾತು.

ಖಾಲಿ ಮಾಡುವುದರಿಂದ ಕೊಳಕ್ಕೂ ಕೇಡಿದೆ. ನಮ್ಮದು ಬಹುಪಾಲು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಳಗಿನ ನೀರಿನ ಭಾರವೇ ಗೋಡೆಗೆ ಆಸರೆ. ಅದನ್ನು ತೆಗೆದರೆ ಹಸಿ ಮಣ್ಣು ಗೋಡೆಯನ್ನು ಒಳಕ್ಕೆ ಒತ್ತುತ್ತದೆ. ಕಾಲುವೆ ನೀರಾವರಿ ಇರುವ ಕಡೆ ಅಂತರ್ಜಲ ಮೇಲಿದ್ದರೆ ತಳವನ್ನೇ ಎತ್ತಿಬಿಡಬಹುದು. 40 ಡಿಗ್ರಿ ಬಿಸಿಲಲ್ಲಿ ನಾಲ್ಕು ದಿನ ಬರಿದಾಗಿ ಬಿದ್ದ ಕೊಳದ ಟೈಲ್ಸ್ ಬಡಿದು ನೋಡಿ, ಅಲ್ಲಲ್ಲಿ ಟೊಳ್ಳು ಸದ್ದು ಕೇಳುತ್ತದೆ.

ಹೆಚ್ಚು ಬರುವ ದೂರು, 'ಪಂಪ್ ನೀರ ಎಳೀವಲ್ದ್ರಿ' ಎಂಬುದು. ಮೋಟರ್ ತಿರುಗುತ್ತಿರುತ್ತದೆ, ಕೊಳಕ್ಕೆ ಮರಳುವ ನೀರಿನಲ್ಲಿ ಬರೀ ಗುಳ್ಳೆ. ಮೊದಲು ನೋಡಬೇಕಾದದ್ದು ಪಂಪನ್ನಲ್ಲ, ಕೊಳದ ನೀರಿನ ಮಟ್ಟವನ್ನು. ಸ್ಕಿಮ್ಮರಿನ (ಮೇಲಿನ ನೀರನ್ನು ಎಳೆದುಕೊಳ್ಳುವ ಗೋಡೆಯ ಕಿಂಡಿ) ಬಾಯಿಯ ಅರ್ಧದವರೆಗೆ ನೀರು ಇರಬೇಕು. ನಮ್ಮ ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು ಮಿಲಿಮೀಟರ್ ಆವಿಯಾಗಿ ಹೋಗುವುದು ಸಹಜ, ಅಂದರೆ ವಾರಕ್ಕೆ ಐದು ಸೆಂಟಿಮೀಟರಿಗೂ ಹೆಚ್ಚು. ಮಟ್ಟ ಕೆಳಗಿಳಿದರೆ ಸ್ಕಿಮ್ಮರ್ ನೀರಿನ ಜೊತೆ ಗಾಳಿಯನ್ನೂ ನುಂಗುತ್ತದೆ. ಅಷ್ಟಕ್ಕೇ ಪಂಪ್ ಬಿಚ್ಚಿಸಿ ಕೂಲಿ ಕೊಟ್ಟವರಿದ್ದಾರೆ.

ಮಟ್ಟ ಸರಿಯಿದ್ದರೆ ಪಂಪಿನ ಮುಂಭಾಗದ ಪಾರದರ್ಶಕ ಮುಚ್ಚಳದೊಳಗೆ ನೋಡಿ. ಪಂಪ್ ನಡೆಯುವಾಗ ಒಳಗೆಲ್ಲ ನೀರೇ ತುಂಬಿರಬೇಕು. ಅರ್ಧ ನೀರು, ಅರ್ಧ ಗಾಳಿ ಸುತ್ತುತ್ತಿದ್ದರೆ ಪಂಪಿಗೂ ಕೊಳಕ್ಕೂ ನಡುವೆ ಎಲ್ಲೋ ಗಾಳಿ ಸೇರುತ್ತಿದೆ. ಎಳೆಯುವ ಪೈಪಿನಲ್ಲಿ ಸಂದು ಬಿಟ್ಟರೆ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಈ ದೋಷ ಕಣ್ಣಿಗೆ ಬೀಳುವುದಿಲ್ಲ. ಹತ್ತರಲ್ಲಿ ಆರೇಳು ಸಲ ತಪ್ಪು ಇರುವುದು ಮುಚ್ಚಳದ ಕೆಳಗಿನ ಓ-ರಿಂಗ್‌ನಲ್ಲಿ. ಕರೆಂಟು ತೆಗೆದು, ಪಂಪ್ ಕೊಳದ ಮಟ್ಟಕ್ಕಿಂತ ಕೆಳಗಿದ್ದರೆ ಎರಡೂ ಬದಿಯ ವಾಲ್ವ್ ಮುಚ್ಚಿ, ಮುಚ್ಚಳ ತಿರುಗಿಸಿ ತೆಗೆಯಿರಿ. ಓ-ರಿಂಗನ್ನು ಬೆರಳಿನಿಂದ ಎತ್ತಿ ಬೆಳಕಿಗೆ ಹಿಡಿದು, ಸ್ವಲ್ಪ ಹಿಗ್ಗಿಸುತ್ತ ಸುತ್ತಲೂ ನೋಡಿ. ದುಂಡಗಿರಬೇಕಾದ ರಬ್ಬರ್ ಒಂದು ಬದಿ ಚಪ್ಪಟೆಯಾಗಿರುತ್ತದೆ, ಇಲ್ಲವೇ ಕೂದಲೆಳೆಯಂಥ ಸೀಳು ಕಾಣುತ್ತದೆ. ಅದು ಕೂರುವ ತೋಡಿನಲ್ಲಿ ಒಂದೇ ಒಂದು ಮರಳಿನ ಹರಳು, ಒಂದು ಒಣಗಿದ ಬೇವಿನ ಹೂವಿನ ಎಸಳು ಸಿಕ್ಕಿದ್ದರೂ ಸಾಕು, ಪಂಪ್ ಗಾಳಿ ಕುಡಿಯುತ್ತದೆ. ತೋಡನ್ನು ಒದ್ದೆ ಬಟ್ಟೆಯಿಂದ ಒರೆಸಿ, ರಿಂಗ್ ಸರಿಯಿದ್ದರೆ ತೊಳೆದು ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ ಕೂಡಿಸಿ. ವ್ಯಾಸಲೀನ್, ಗಾಡಿಗೆ ಹಚ್ಚುವ ಗ್ರೀಸ್ ಬೇಡವೇ ಬೇಡ, ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಮುಚ್ಚಳವನ್ನು ಕೈಯಿಂದಲೇ ಬಿಗಿಯಿರಿ. ಪಾನೆ ಹಾಕಿ ತಿರುಗಿಸಿದರೆ ಮುಚ್ಚಳ ಸೀಳುತ್ತದೆ.

ಆಮೇಲೂ ಗುಳ್ಳೆ ನಿಲ್ಲದಿದ್ದರೆ ಪಂಪ್ ನಡೆಯುತ್ತಿರುವಾಗಲೇ ಎಳೆಯುವ ಬದಿಯ ಒಂದೊಂದೇ ಜಾಯಿಂಟಿಗೆ ದಾಡಿಯ ನೊರೆ ಹಚ್ಚಿ: ಕೆಳಗಿನ ಡ್ರೇನ್ ಪ್ಲಗ್, ಯೂನಿಯನ್, ವಾಲ್ವಿನ ಹಿಡಿಕೆಯ ಬುಡ, ಕೊನೆಗೆ ಪೈಪ್ ಪಂಪಿನೊಳಗೆ ಹೋಗುವ ತಿರುಪಿನ ಮರೆಯ (ಥ್ರೆಡ್) ಜಾಗ. ಎಲ್ಲಿ ನೊರೆ ಒಳಕ್ಕೆ ಎಳೆದುಕೊಳ್ಳುತ್ತದೋ ಅಲ್ಲೇ ದೋಷ. ಆ ಮರೆಯ ಜಾಗವೇ ದೋಷಿಯಾದರೆ ಪಂಪ್ ಹಿಂದೊಮ್ಮೆ ನೀರಿಲ್ಲದೆ ಓಡಿದೆ ಎಂದು ತಿಳಿಯಿರಿ. ಒಳಗೆ ಉಳಿದ ನೀರು ಕುದಿದು ಪಿವಿಸಿ ಮರೆ ಮೆತ್ತಗಾಗಿ ಸೊಟ್ಟಗಾಗುತ್ತದೆ, ತಣ್ಣಗಾದ ಮೇಲೆ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಹೊರಗಿನಿಂದ ಎಂ-ಸೀಲ್ ಮೆತ್ತಿದರೆ ಕೆಲವು ದಿನ ಕಳೆಯಬಹುದು, ಅಷ್ಟೆ. ಮರೆಯಿರುವ ಆ ಅಡಾಪ್ಟರ್ ತುಂಡನ್ನು ಕತ್ತರಿಸಿ ತೆಗೆದು, ದಪ್ಪ ಗೋಡೆಯ ಹೊಸ ಅಡಾಪ್ಟರಿಗೆ ಟೆಫ್ಲಾನ್ ಟೇಪನ್ನು ಮರೆ ಬಿಗಿಯುವ ದಿಕ್ಕಿನಲ್ಲೇ ಐದಾರು ಸುತ್ತು ಸುತ್ತಿ ಕೂಡಿಸುವುದೇ ಸರಿಯಾದ ದುರಸ್ತಿ.

ಮತ್ತೆ ಶುರು ಮಾಡುವಾಗ ಮುಚ್ಚಳದ ಕೆಳಗೆ ಕಸ ಹಿಡಿಯುವ ಬುಟ್ಟಿ ಇರುವ ಕೊಡವನ್ನು ಬಾಯಿಮಟ್ಟ ನೀರಿನಿಂದ ತುಂಬಿಸಿ, ಫಿಲ್ಟರ್ ಮೇಲಿನ ಗಾಳಿ ಬಿಡುವ ತಿರುಪು ತೆರೆದು ಸ್ವಿಚ್ ಹಾಕಿ. ಎರಡು-ಮೂರು ನಿಮಿಷದಲ್ಲಿ ನೀರು ಬರಲೇಬೇಕು. ಬರದಿದ್ದರೆ ಆರಿಸಿ, ಕಾರಣ ಹುಡುಕಿ. ಬಂದೀತು ಎಂದು ಕಾಯುತ್ತ ಅರ್ಧ ಗಂಟೆ ಓಡಿಸಿದರೆ ಮೋಟರಿನ ಕಡೆ ನೀರು ಹೋಗದಂತೆ ತಡೆಯುವ ಸೀಲ್ ಸುಟ್ಟು ಹೋಗುತ್ತದೆ.

ಗಾಳಿಯ ದೋಷವಿಲ್ಲ, ಆದರೂ ಹರಿವು ಕಡಿಮೆ, ಫಿಲ್ಟರಿನ ಗೇಜಿನಲ್ಲಿ ಒತ್ತಡವೂ ಕಡಿಮೆ ಎಂದಾದರೆ ಇಂಪೆಲ್ಲರಿನಲ್ಲಿ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಕಸ ಸಿಕ್ಕಿದೆ. ನಮ್ಮ ಕಡೆ ಕೊಳದ ಪಕ್ಕ ಬೇವಿನ ಮರ ಇದ್ದೇ ಇರುತ್ತದೆ. ಅದರ ಹೂವು, ಎಲೆಯ ಕಡ್ಡಿ ಬುಟ್ಟಿಯ ತೂತಿನಲ್ಲಿ ನುಸುಳಿ ಇಂಪೆಲ್ಲರಿನ ಎಸಳುಗಳ ನಡುವೆ ಕೂದಲಿನ ಜೊತೆ ಹೆಣೆದುಕೊಳ್ಳುತ್ತವೆ. ಎಂಸಿಬಿ ಇಳಿಸಿ, ಬುಟ್ಟಿ ತೆಗೆದು, ಹಿಂದಿನ ತೂತಿನಲ್ಲಿ ಬಾಗಿಸಿದ ತಂತಿ ಹಾಕಿ ಎಳೆದರೆ ಜಡೆಯಂತೆ ಹೊರಬರುತ್ತದೆ. ಒಡೆದ ಬುಟ್ಟಿಯನ್ನು ತಂತಿ ಕಟ್ಟಿ ನಡೆಸುವ ರೂಢಿ ಬಿಡಬೇಕು. ಒತ್ತಡ ಹೆಚ್ಚು, ಹರಿವು ಕಡಿಮೆ ಎಂದಾದರೆ ಮಾತ್ರ ತಪ್ಪು ಫಿಲ್ಟರಿನದು.

ಮೋಟರ್ ತಿರುಗದೆ ಬರೀ 'ಹೂಂ' ಎನ್ನುತ್ತಿದ್ದರೆ ಕೂಡಲೇ ಆರಿಸಿ, ಅರೆ ನಿಮಿಷ ಬಿಟ್ಟರೂ ವೈಂಡಿಂಗ್ ಕಾದು ವಾರ್ನಿಶ್ ವಾಸನೆ ಬರುತ್ತದೆ. ಕರೆಂಟು ತೆಗೆದು ಹಿಂದಿನ ಫ್ಯಾನ್ ಕಡೆಯಿಂದ ಶಾಫ್ಟನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಸೋತಿದೆ. ತಿರುಗದಿದ್ದರೆ ಇಂಪೆಲ್ಲರಿನಲ್ಲಿ ಕಲ್ಲು ಸಿಕ್ಕಿದೆ, ಇಲ್ಲವೇ ತಿಂಗಳುಗಟ್ಟಲೆ ನಿಂತಿದ್ದಕ್ಕೆ ಒಳಗೆ ಹಿಡಿದುಕೊಂಡಿದೆ. ಹೊಸ ಕೆಪಾಸಿಟರ್ ತರುವಾಗ ಹಳೆಯದರ ಮೇಲೆ ಬರೆದ ಮೈಕ್ರೋಫ್ಯಾರಡ್ ಅಂಕಿಯನ್ನೇ ಕೇಳಿ. 'ಸ್ವಲ್ಪ ದೊಡ್ಡದು ಹಾಕ್ರಿ, ಜೋರಾಗಿ ಎಳೀತದ' ಎಂಬ ಮಾತು ನಂಬಬೇಡಿ. ಕರೆಂಟು ತೆಗೆದ ಮೇಲೂ ಹಳೆಯ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ, ಹೋಲ್ಡರಿಗೆ ಸಿಕ್ಕಿಸಿದ ಬಲ್ಬಿನ ಎರಡು ವಯರ್ ತಾಗಿಸಿ ಅದನ್ನು ಇಳಿಸಿದ ಮೇಲೆಯೇ ಮುಟ್ಟಿ.

ಕೆಪಾಸಿಟರ್ ಬದಲಿಸಿದರೂ ಅದೇ ಪಾಡೇ? ಮೀಟರ್ ಹಿಡಿದು ವೋಲ್ಟೇಜ್ ನೋಡಿ, ಅದೂ ಪಂಪ್ ಚಾಲೂ ಆಗುವ ಗಳಿಗೆಯಲ್ಲಿ. ತೋಟದ ಲೈನುಗಳಲ್ಲಿ ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದಾಗ 230 ಇರಬೇಕಾದ ವೋಲ್ಟೇಜ್ 180ರ ಆಸುಪಾಸಿಗೆ ಕುಸಿಯುವುದುಂಟು. ವೋಲ್ಟೇಜ್ ಇಳಿದಷ್ಟೂ ಮೋಟರ್ ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ, ಓವರ್‌ಲೋಡ್ ಬಿದ್ದು ನಿಲ್ಲುತ್ತದೆ, ತಣ್ಣಗಾಗಿ ಮತ್ತೆ ಶುರುವಾಗುತ್ತದೆ. ಹೀಗೆ ನಿಂತು ಶುರುವಾಗುವ ಮೋಟರ್ ಒಂದು ಬೇಸಿಗೆ ಬಾಳುವುದಿಲ್ಲ. ವೋಲ್ಟೇಜ್ ಸರಿಯಾಗಿರುವ ಹೊತ್ತು ಯಾವುದೆಂದು ಎರಡು ದಿನ ಬರೆದಿಟ್ಟುಕೊಂಡು ಟೈಮರನ್ನು ಅದಕ್ಕೆ ಹೊಂದಿಸಿ, ಕಡಿಮೆ ವೋಲ್ಟೇಜಿಗೆ ತಾನೇ ಕಡಿತವಾಗುವ ಸಾಧನ ಹಾಕಿಸಿ.

ಟೈಮರ್ ಬಗ್ಗೆ ಒಂದು ಮಾತು. ಮುಳ್ಳು ತಿರುಗುವ ಹಳೆಯ ಮಾದರಿಯ ಟೈಮರ್ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ದಿನಕ್ಕೆ ಮೂರು ತಾಸು ಕರೆಂಟಿಲ್ಲವೆಂದರೆ ವಾರದಲ್ಲಿ ಇಪ್ಪತ್ತೊಂದು ತಾಸು ಹಿಂದೆ. ಮುಂಜಾನೆ ಆರಕ್ಕೆ ಶುರುವಾಗಬೇಕಾದ ಪಂಪ್ ನಡುರಾತ್ರಿಯಲ್ಲೋ ಇನ್ನಾವಾಗಲೋ ಶುರುವಾಗುತ್ತದೆ, ಆಗ ಕರೆಂಟಿಲ್ಲದಿದ್ದರೆ ಅದೂ ಇಲ್ಲ. 'ದಿನಾ ಎಂಟು ತಾಸು ನಡೀತದ' ಎಂದು ಮಾಲೀಕರು ನಂಬಿರುತ್ತಾರೆ, ನಡೆದದ್ದು ಅದಕ್ಕಿಂತ ಕಡಿಮೆ ಆಗಿರುತ್ತದೆ. ನೀರು ಹಸಿರಾಗಲು ಅಷ್ಟೇ ಸಾಕು. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿಸುವುದು ಒಂದು ಟ್ಯಾಂಕರ್ ನೀರು ತರಿಸುವುದಕ್ಕಿಂತ ಜಾಣತನದ ಖರ್ಚು.

ಮೋಟರಿಗೂ ಪಂಪಿಗೂ ನಡುವಿನ ಸಂದಿನಿಂದ ಹನಿ ಹನಿ ನೀರು ಬೀಳುತ್ತಿದ್ದರೆ ಮೆಕ್ಯಾನಿಕಲ್ ಸೀಲ್ ಹೋಗಿದೆ. ಇದನ್ನು ಅಲಕ್ಷಿಸಬೇಡಿ. ಆ ನೀರು ಮುಂದಿನ ಬೇರಿಂಗಿಗೆ ಇಳಿದು ತುಕ್ಕು ಹಿಡಿಸಿ, ಮೊದಲು ಕೀಚಲು ಸದ್ದು, ಆಮೇಲೆ ವೈಂಡಿಂಗ್ ಸುಡುವುದು, ಹೀಗೆ ದಾರಿ ಬೆಳೆಯುತ್ತದೆ. ಸೀಲಿಗೆ ಎರಡು ಭಾಗ: ಬಿಳಿ ಸೆರಾಮಿಕ್ ಬಿಲ್ಲೆ ಮತ್ತು ಸ್ಪ್ರಿಂಗ್ ಇರುವ ಕಪ್ಪು ಕಾರ್ಬನ್ ಬಿಲ್ಲೆ. ಕನ್ನಡಿಯಂತೆ ಹೊಳೆಯುವ ಈ ಎರಡು ಮುಖಗಳು ಒಂದಕ್ಕೊಂದು ಉಜ್ಜುತ್ತ ನೀರನ್ನು ತಡೆಯುತ್ತವೆ. ಒಂದನ್ನೇ ಬದಲಿಸಿದರೆ ಪ್ರಯೋಜನವಿಲ್ಲ, ಜೋಡಿಯಾಗಿಯೇ ಹಾಕಬೇಕು. ಕೂಡಿಸುವಾಗ ಆ ಮುಖಗಳಿಗೆ ಬೆರಳು ತಾಗಿಸಬೇಡಿ, ಗ್ರೀಸ್ ಹಚ್ಚಬೇಡಿ. ಬೆರಳಿನ ಜಿಡ್ಡು, ಮರಳಿನ ಪುಡಿ ಎರಡೂ ಅದಕ್ಕೆ ವೈರಿ. ಸ್ವಚ್ಛ ಬಟ್ಟೆಯಲ್ಲಿ ಹಿಡಿದು, ರಬ್ಬರಿನ ಹೊರಭಾಗಕ್ಕೆ ಮಾತ್ರ ಸೋಪಿನ ನೀರು ಸವರಿ ನೇರವಾಗಿ ಒತ್ತಿ ಕೂರಿಸಿ. ಹೇಗೂ ಬಿಚ್ಚಿದ್ದೀರಿ, ಬೇರಿಂಗ್ ತಿರುಗಿಸಿ ನೋಡಿ. ಗರಗರ ಎಂದರೆ ಅಂಚಿನ ಮೇಲಿನ ನಂಬರ್ ಓದಿ ಅದೇ ತಂದು ಹಾಕಿಸಿ.

ಇನ್ನು ಮರಳಿನ ಫಿಲ್ಟರ್. ಡ್ರಿಪ್ ಹಾಕಿದ ದ್ರಾಕ್ಷಿ, ದಾಳಿಂಬೆ ತೋಟದವರಿಗೆ ಇದು ಹೊಸದಲ್ಲ, ತೋಟದ ಫಿಲ್ಟರಿನ ಕೆಲಸವೇ ಇಲ್ಲೂ. ತೊರವಿಯಿಂದ ವಿಜಯಪುರದ ಊರೊಳಗೆ ನೀರು ತಂದ ಆದಿಲಶಾಹಿಗಳು ನಡುನಡುವೆ ಗಂಜ್‌ಗಳೆಂಬ ನೀರಿನ ಗೋಪುರ ಕಟ್ಟಿಸಿ ಪೈಪಿನ ಒತ್ತಡ ಇಳಿಸಿದ್ದಲ್ಲದೆ, ಕೆಸರು ತಳ ಸೇರುವಂತೆಯೂ ಮಾಡಿದ್ದರು. ಒತ್ತಡ ಮತ್ತು ಕೆಸರು, ನೀರು ಹರಿಯುವ ಕಡೆಯೆಲ್ಲ ಈ ಎರಡನ್ನೇ ನೋಡಬೇಕು. ಫಿಲ್ಟರ್ ತೊಳೆದ ದಿನ ಗೇಜು ಎಷ್ಟು ತೋರಿಸುತ್ತದೋ ಅದನ್ನು ಗೋಡೆಯ ಮೇಲೆ ಬರೆದಿಡಿ. ಅದಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಮರಳು ತೊಳೆಯುವುದು) ಮಾಡಿ. ದಿನಾ ಮಾಡುವವರಿದ್ದಾರೆ, ನೀರೂ ಪೋಲು, ತೀರಾ ಶುಭ್ರ ಮರಳು ಸಣ್ಣ ಕಣ ಹಿಡಿಯುವುದೂ ಇಲ್ಲ. ಗೇಜಿನ ಮುಳ್ಳು ಪಂಪ್ ಆರಿಸಿದರೂ ಸೊನ್ನೆಗೆ ಬರದಿದ್ದರೆ, ಇಲ್ಲವೇ ಯಾವಾಗಲೂ ಸೊನ್ನೆಯಲ್ಲೇ ಇದ್ದರೆ ಅದರ ಸಣ್ಣ ತೂತು ಸುಣ್ಣದಿಂದ ಮುಚ್ಚಿದೆ. ಹೊಸ ಗೇಜು ಹಾಕಿ, ಅದು ದುಬಾರಿಯ ವಸ್ತುವಲ್ಲ.

ಫಿಲ್ಟರಿನ ಮೇಲಿರುವ, ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವಿಗೆ ಆರು ಸ್ಥಾನ: ಫಿಲ್ಟರ್ (ಶೋಧನೆ), ಬ್ಯಾಕ್‌ವಾಶ್, ರಿನ್ಸ್ (ತೊಳೆದ ಮೇಲಿನ ಜಾಲಾಟ), ವೇಸ್ಟ್ (ನೀರು ಹೊರಕ್ಕೆ), ರೀಸರ್ಕ್ಯುಲೇಟ್ (ಮರಳು ತಪ್ಪಿಸಿ ಕೊಳಕ್ಕೆ), ಕ್ಲೋಸ್ಡ್ (ಬಂದ್). ಪಂಪ್ ನಡೆಯುತ್ತಿರುವಾಗ ಇದರ ಹಿಡಿಕೆ ತಿರುಗಿಸಲೇಬಾರದು. ಇದೊಂದು ತಪ್ಪಿನಿಂದ ಹಾಳಾಗುವ ವಾಲ್ವುಗಳಷ್ಟು ಬೇರೆ ಯಾವುದರಿಂದಲೂ ಹಾಳಾಗುವುದಿಲ್ಲ. ಒಳಗೆ ಗಾಲಿಯ ಅರೆಗಳಂಥ ರಬ್ಬರ್ ಇದೆ, ಸ್ಪೈಡರ್ ಗ್ಯಾಸ್ಕೆಟ್ ಎನ್ನುತ್ತಾರೆ. ಒತ್ತಡವಿದ್ದಾಗ ತಿರುಗಿಸಿದರೆ ಅದು ತೋಡಿನಿಂದ ಎದ್ದು ಮಡಚಿಕೊಳ್ಳುತ್ತದೆ. ಆಮೇಲೆ ಫಿಲ್ಟರ್ ಸ್ಥಾನದಲ್ಲಿದ್ದರೂ ವೇಸ್ಟ್ ಪೈಪಿನಿಂದ ಸದಾ ನೀರು ಜಿನುಗುತ್ತದೆ. ಆ ಪೈಪ್ ನೆಲದೊಳಗೆ ಹೋಗಿದ್ದರಂತೂ ಯಾರಿಗೂ ತಿಳಿಯದೆ, 'ಕೊಳ ಸೋರ್ತದ' ಎಂದು ಟೈಲ್ಸ್ ಕೀಳಿಸುತ್ತಾರೆ. ಸರಿಪಡಿಸಲು ಪಂಪ್ ಆರಿಸಿ, ಒತ್ತಡ ಬಿಟ್ಟು, ಮುಚ್ಚಳ ಮತ್ತು ಒಡಲಿನ ಮೇಲೆ ಮಾರ್ಕರಿನಿಂದ ಒಂದೇ ಗೀಟು ಎಳೆದು, ಸುತ್ತಲಿನ ಬೋಲ್ಟ್ ಬಿಚ್ಚಿ. ಗೀಟು ಇಲ್ಲದಿದ್ದರೆ ತಿರುಗಿಸಿ ಕೂರಿಸುವ ಅಪಾಯವಿದೆ, ಆಗ ಹಿಡಿಕೆ ತೋರಿಸುವುದು ಒಂದು, ನೀರು ಹೋಗುವುದು ಇನ್ನೊಂದು ಕಡೆ. ಹೊಸ ರಬ್ಬರನ್ನು ಸ್ವಚ್ಛ ತೋಡಿನಲ್ಲಿ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಬ್ಯಾಕ್‌ವಾಶ್ ಎಂದರೆ ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ, ಎರಡು-ಮೂರು ನಿಮಿಷ. ಪಂಪ್ ಆರಿಸಿ, ರಿನ್ಸ್‌ಗೆ ತಿರುಗಿಸಿ ಅರ್ಧ-ಒಂದು ನಿಮಿಷ, ಮತ್ತೆ ಆರಿಸಿ ಫಿಲ್ಟರಿಗೆ. ರಿನ್ಸ್ ಬಿಟ್ಟರೆ ಕಲಕಿದ ಕೊಳೆ ಕೊಳಕ್ಕೇ ವಾಪಸು ಬರುತ್ತದೆ. ತಾಸಿಗೆ 12,000 ಲೀಟರ್ ಎಳೆಯುವ ಪಂಪಿಗೆ ಮೂರು ನಿಮಿಷದ ಬ್ಯಾಕ್‌ವಾಶ್ ಎಂದರೆ 600 ಲೀಟರ್. 40,000ದ ಎದುರು 600. ಅದನ್ನೂ ಒಂದು ಗುಂಡಿಯಲ್ಲಿ ಎರಡು ದಿನ ಬಿಸಿಲಿಗೆ ನಿಲ್ಲಿಸಿದರೆ ಕ್ಲೋರಿನ್ ಇಳಿದು ತೆಂಗು, ಬೇವಿಗೆ ಆಗುತ್ತದೆ. ಉಪ್ಪಿನಿಂದ ಕ್ಲೋರಿನ್ ಮಾಡುವ ಯಂತ್ರವಿದ್ದರೆ ಮಾತ್ರ ಆ ನೀರು ಗಿಡಕ್ಕೆ ಬೇಡ.

ಕೊಳದ ತಳದಲ್ಲಿ, ನೀರು ಮರಳುವ ಬಾಯಿಯ ಕೆಳಗೆ ಮರಳಿನ ಗುಪ್ಪೆ ಕಂಡರೆ ಫಿಲ್ಟರಿನ ತಳದ ಲ್ಯಾಟರಲ್ ಮುರಿದಿದೆ. ಸೀಳುಗಳಿರುವ ಬೆರಳು ಗಾತ್ರದ ಪ್ಲಾಸ್ಟಿಕ್ ಕೊಳವೆಗಳು ಅವು. ಮರಳು ಪೂರ್ತಿ ತೆಗೆಯದೆ ಬೇರೆ ದಾರಿಯಿಲ್ಲ. ತೆಗೆದಾಗ ಮರಳಿನ ಸ್ಥಿತಿಯೂ ನೋಡಿ. ನಮ್ಮ ಸವಳು ನೀರಿನ ಸುಣ್ಣ ಕಣಕಣಕ್ಕೂ ಅಂಟಿ, ಮರಳು ಮಹಾಲಿಂಗಪುರದ ಬೆಲ್ಲದ ಪೆಂಟೆಯ ಹಾಗೆ ಇಡಿಯಾಗಿ ಕೂತಿರುತ್ತದೆ. ನೀರು ಆ ಪೆಂಟೆಯ ಮಗ್ಗುಲಿನ ಸಂದಿಯಲ್ಲಿ ಹಾದು ಹೋಗುತ್ತದೆ, ಶೋಧನೆಯೇ ಇಲ್ಲ. ಬೇರೆ ಊರುಗಳಲ್ಲಿ ಐದು ವರ್ಷ ನಡೆಯುವ ಮರಳನ್ನು ಇಲ್ಲಿ ಮೂರನೇ ವರ್ಷ ಕೈಹಾಕಿ ನೋಡಲೇಬೇಕು. ಹೊಸದಾಗಿ ತುಂಬುವುದು 0.5ರಿಂದ 0.8 ಮಿಲಿಮೀಟರ್ ಗಾತ್ರದ ಸಿಲಿಕಾ ಮರಳೇ ಆಗಬೇಕು. ಮನೆ ಕಟ್ಟಿ ಉಳಿದ ಹೊಳೆಯ ಮರಳು ತುಂಬಿಸಿದ ಫಿಲ್ಟರುಗಳಿವೆ. ಅದರ ಮಣ್ಣು ಕೊಳಕ್ಕೆ, ಸಣ್ಣ ಹರಳು ಲ್ಯಾಟರಲ್ ಸೀಳಿಗೆ. 24 ಇಂಚಿನ ಫಿಲ್ಟರಿಗೆ ಮಾದರಿಗೆ ತಕ್ಕಂತೆ 125ರಿಂದ 150 ಕೆಜಿ ಹಿಡಿಯುತ್ತದೆ. ನಡುಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಮೊದಲು ತೊಟ್ಟಿಗೆ ಅರ್ಧದಷ್ಟು ನೀರು ತುಂಬಿಸಿ, ಆಮೇಲೆ ಮರಳು ಸುರಿಯಿರಿ. ಒಣ ತೊಟ್ಟಿಗೆ ಚೀಲ ಬೋರಲು ಹಾಕಿದರೆ ಆ ಪೆಟ್ಟಿಗೇ ಹೊಸ ಲ್ಯಾಟರಲ್ ಮುರಿಯುತ್ತದೆ.

ಯಂತ್ರ ಸರಿಯಿದ್ದೂ ನೀರು ಹಸಿರಾಯಿತೆಂದರೆ ಲೆಕ್ಕ ತಪ್ಪಿದೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಪ್ರತಿ ಮನೆಯಲ್ಲೂ ಬೇಕು. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.6, ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಇಷ್ಟು ಭಾಗ) ಇರಬೇಕು. ಬೋರಿನ ನೀರಿನ ಪಿಎಚ್ ಮೇಲಕ್ಕೇ ಓಡುತ್ತದೆ, ತೊಂದರೆ ಅಲ್ಲೇ. 7.5ರಲ್ಲಿ ಕ್ಲೋರಿನ್ನಿನ ಅರ್ಧ ಭಾಗ ಕೊಲ್ಲುವ ರೂಪದಲ್ಲಿದ್ದರೆ 8ಕ್ಕೆ ಏರಿದಾಗ ಉಳಿಯುವುದು ಸುಮಾರು ಕಾಲು ಭಾಗ. ಎಷ್ಟು ಸುರಿದರೂ ಪಾಚಿ ಸಾಯುವುದಿಲ್ಲ ಎಂಬ ದೂರಿನ ಮೂಲ ಇದು. ಆದ್ದರಿಂದ ಮೊದಲು ಹೈಡ್ರೋಕ್ಲೋರಿಕ್ ಆ್ಯಸಿಡ್. 40,000 ಲೀಟರಿಗೆ 300 ಮಿಲಿಯಿಂದ ಶುರು ಮಾಡಿ, ಬಕೆಟ್ ನೀರಿಗೆ ಆ್ಯಸಿಡ್ ಬೆರೆಸಿ (ಆ್ಯಸಿಡ್ಡಿಗೆ ನೀರು ಎಂದೂ ಅಲ್ಲ), ಪಂಪ್ ನಡೆಯುವಾಗ ಆಳದ ಕಡೆ ನಿಧಾನಕ್ಕೆ ಸುರಿದು, ನಾಲ್ಕು ತಾಸಿನ ನಂತರ ಅಳೆದು ಬೇಕಿದ್ದರೆ ಇನ್ನಷ್ಟು.

ಪಿಎಚ್ ಇಳಿದ ಮೇಲೆ ಗೋಡೆ, ಮೂಲೆ, ಮೆಟ್ಟಿಲನ್ನೆಲ್ಲ ಬ್ರಷ್ಷಿನಿಂದ ಉಜ್ಜಿ, ಹೊತ್ತು ಮುಳುಗಿದ ಮೇಲೆ 10 ಪಿಪಿಎಂ ಕ್ಲೋರಿನ್ ಕೊಡಿ. 40,000 ಲೀಟರಿಗೆ 10 ಪ್ರತಿಶತದ ಸೋಡಿಯಂ ಹೈಪೋಕ್ಲೋರೈಟ್ 4 ಲೀಟರ್, ಇಲ್ಲವೇ 65 ಪ್ರತಿಶತದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸುಮಾರು 600 ಗ್ರಾಂ. ಹಗಲು ಹಾಕಿದರೆ ನಮ್ಮ ಬಿಸಿಲಿಗೆ ಎರಡು-ಮೂರು ತಾಸಿನಲ್ಲಿ ಬಹುಪಾಲು ಹಾರಿಹೋಗುತ್ತದೆ. ದ್ರವದ ಕ್ಯಾನು ಬೇಸಿಗೆಯಲ್ಲಿ ತಿಂಗಳು ಕೂತರೆ ಬಲ ಕಳೆದುಕೊಳ್ಳುತ್ತದೆ, ಒಂದೇ ಸಲ ಹತ್ತು ಕ್ಯಾನು ತಂದಿಡಬೇಡಿ. ಪಂಪ್ ಹಗಲಿರುಳು ನಡೆಯಲಿ. ಗೇಜು ಏರಿದಾಗಲೆಲ್ಲ ಬ್ಯಾಕ್‌ವಾಶ್ ಮಾಡಿ, ಮರುದಿನ ಸಂಜೆ ಮತ್ತೆ ಅಳೆದು ಹಾಕಿ. ಮೂರು-ನಾಲ್ಕು ದಿನದಲ್ಲಿ ಹಸಿರು ಹೋಗಿ ನೀರು ಹಾಲಿನಂತಾಗುತ್ತದೆ. ಅದು ಸತ್ತ ಪಾಚಿ. 400 ಗ್ರಾಂ ಪಟಿಕ ಕರಗಿಸಿ ಹಾಕಿ, ವಾಲ್ವನ್ನು ರೀಸರ್ಕ್ಯುಲೇಟಿಗೆ ಇಟ್ಟು ಎರಡು ತಾಸು ತಿರುಗಿಸಿ, ರಾತ್ರಿಯಿಡೀ ನಿಲ್ಲಿಸಿ. ಮುಂಜಾನೆಗೆ ತಳದಲ್ಲಿ ಹತ್ತಿಯಂಥ ಪದರ ಕೂತಿರುತ್ತದೆ. ಅದನ್ನು ವೇಸ್ಟ್ ಸ್ಥಾನದಲ್ಲಿಟ್ಟು ನಿಧಾನಕ್ಕೆ ವ್ಯಾಕ್ಯೂಮ್ ಮಾಡಿ. ಫಿಲ್ಟರ್ ಮೂಲಕ ಎಳೆದರೆ ಮರಳು ಕಟ್ಟುತ್ತದೆ. ಕಾಲು ತಾಸಿನ ವ್ಯಾಕ್ಯೂಮಿಗೆ ಹೋಗುವ ನೀರು 3,000 ಲೀಟರ್. ಮುಕ್ಕಾಲು ಟ್ಯಾಂಕರ್ ಕೂಡ ಅಲ್ಲ.

ಬ್ಲೀಚಿಂಗ್ ಪೌಡರ್ ಅಗ್ಗವೆಂದು ಸುರಿಯುವವರು ಗಮನಿಸಬೇಕು: ಅದರಲ್ಲಿ ಕ್ಲೋರಿನ್ ಮೂರನೇ ಒಂದು ಭಾಗದಷ್ಟೂ ಸಿಗುವುದು ಕಷ್ಟ, ಉಳಿದದ್ದು ಸುಣ್ಣ. ಮೊದಲೇ ಗಡಸು ನೀರಿಗೆ ಇನ್ನಷ್ಟು ಗಡಸು. ದ್ರಾಕ್ಷಿ ತೋಟದಲ್ಲಿ ಮಿಕ್ಕ ಮೈಲುತುತ್ತ ಹಾಕುವವರೂ ಇದ್ದಾರೆ. ಎರಡು ದಿನ ನೀರು ನೀಲಿಯಾಗಿ ಚೆಂದ ಕಾಣುತ್ತದೆ, ಆಮೇಲೆ ತಾಮ್ರ ಗೋಡೆಗೆ ಕೂತು ಉಜ್ಜಿದರೂ ಹೋಗದ ಕಲೆಯಾಗುತ್ತದೆ. ಬಾಗಲಕೋಟೆಯ ಹೋಳಿ ಹೆಸರಾದದ್ದು. ಬಣ್ಣದ ಮೈಯಲ್ಲೇ ಮಕ್ಕಳು ಕೊಳಕ್ಕೆ ಇಳಿದರೆ ಪುಡಿ ಬಣ್ಣ ಕ್ಲೋರಿನ್ನಿಗೆ ಕಳೆಯುತ್ತದೆ, ಎಣ್ಣೆ ಬೆರೆಸಿದ ಬಣ್ಣ ಮಾತ್ರ ಮರಳಿಗೆ ಅಂಟಿ ಕೂರುತ್ತದೆ. ಮೊದಲು ಬೋರಿನ ನೀರಲ್ಲಿ ಸೋಪು ಹಚ್ಚಿ ಮೈ ತೊಳೆಸಿ.

ಗುಳಿಗೆಯ ರೂಪದ ಕ್ಲೋರಿನ್ ಆದ ಟಿಸಿಸಿಎ ಅನುಕೂಲವೇನೋ ಹೌದು, ಆದರೆ ಪ್ರತಿ ಪಿಪಿಎಂ ಕ್ಲೋರಿನ್ನಿನ ಜೊತೆ 0.6 ಪಿಪಿಎಂ ಸೈನ್ಯೂರಿಕ್ ಆ್ಯಸಿಡ್ ನೀರಿಗೆ ಸೇರುತ್ತದೆ. ಅದು 30ರಿಂದ 50 ಇದ್ದರೆ ಕ್ಲೋರಿನ್ನನ್ನು ಬಿಸಿಲಿನಿಂದ ಕಾಪಾಡುತ್ತದೆ, 100 ದಾಟಿದರೆ ಕ್ಲೋರಿನ್ನಿನ ಕೈ ಕಟ್ಟುತ್ತದೆ. ದಿನಕ್ಕೆ 2 ಪಿಪಿಎಂ ಲೆಕ್ಕದಲ್ಲಿ ಮೂರು ತಿಂಗಳು ಬರೀ ಗುಳಿಗೆ ಹಾಕಿದರೆ 100 ದಾಟಿತು. ನೀರು ಬದಲಿಸಲೇಬೇಕಾದ ಸಂದರ್ಭ ನಿಜಕ್ಕೂ ಇದೊಂದು, ಮಿತಿಮೀರಿದ ಗಡಸುತನ ಇನ್ನೊಂದು. ಆಗಲೂ ಅರ್ಧದಷ್ಟು ಸಾಕು, ಅದೂ ಮಳೆಗಾಲದಲ್ಲಿ ತಾರಸಿಯ ನೀರು ಹಿಡಿದು ಸ್ವಲ್ಪ ಸ್ವಲ್ಪವೇ ಬದಲಿಸುವುದು ಒಳ್ಳೆಯದು. ಬೋರಿನ ನೀರು ತುಂಬಿಸುತ್ತ ಹೋದರೆ ಆವಿಯಾಗುವುದು ನೀರು ಮಾತ್ರ, ಸುಣ್ಣ ಉಳಿದು ದಿನದಿನಕ್ಕೂ ಹೆಚ್ಚುತ್ತದೆ. ಟೈಲ್ಸಿನ ಮೇಲಿನ ಬಿಳಿ ಗೆರೆ ಅದೇ.

ಒಂದು ಕ್ಲೋರಿನ್ ಅಳೆದ ಚಮಚವನ್ನು ಇನ್ನೊಂದರ ಡಬ್ಬಿಗೆ ಹಾಕಬೇಡಿ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಮತ್ತು ಟಿಸಿಸಿಎ ಸೇರಿದರೆ ಬೆಂಕಿ ಹೊತ್ತುತ್ತದೆ, ಸಿಡಿಯಲೂಬಹುದು. ಕ್ಲೋರಿನ್ ಮತ್ತು ಆ್ಯಸಿಡ್ ಸೇರಿದರೆ ವಿಷದ ಗಾಳಿ. ಈ ಯಾವುದನ್ನೂ ಪಂಪ್ ಕೋಣೆಯಲ್ಲಿ ಇಡಬೇಡಿ. ಆ್ಯಸಿಡ್ ಕ್ಯಾನಿನ ಹೊಗೆಯಿಂದಲೇ ಮೋಟರಿನ ಟರ್ಮಿನಲ್, ಪ್ಯಾನೆಲ್ಲಿನ ತಾಮ್ರ ಹಸಿರುಗಟ್ಟಿ ಹಾಳಾಗುತ್ತದೆ.

ಕೊಳ ಸೋರುತ್ತಿದೆ ಎಂಬ ಅನುಮಾನವಿದ್ದರೆ ಗೋಡೆ ಒಡೆಯುವ ಮೊದಲು ಬಕೆಟ್ ಪರೀಕ್ಷೆ ಮಾಡಿ. ಮೆಟ್ಟಿಲ ಮೇಲೆ ಬಕೆಟ್ ಇಟ್ಟು, ಒಳಗೆ ಕೊಳದ ಮಟ್ಟಕ್ಕೇ ನೀರು ತುಂಬಿಸಿ, ಒಳಗೂ ಹೊರಗೂ ಗೀಟು ಹಾಕಿ, 24 ತಾಸು ಬಿಡಿ. ಎರಡೂ ಕಡೆ ಸಮ ಇಳಿದರೆ ಅದು ಬಿಸಿಲಿನ ಪಾಲು. ಹೊರಗೆ ಹೆಚ್ಚು ಇಳಿದರೆ ಸೋರಿಕೆಯಿದೆ. ಒಂದು ದಿನ ಪಂಪ್ ನಡೆಸಿ, ಒಂದು ದಿನ ನಿಲ್ಲಿಸಿ ನೋಡಿ: ನಡೆದಾಗ ಹೆಚ್ಚು ಸೋರಿದರೆ ಕೊಳಕ್ಕೆ ಮರಳುವ ಪೈಪ್ ಅಥವಾ ವೇಸ್ಟ್ ಲೈನ್, ನಿಂತಾಗ ಹೆಚ್ಚಾದರೆ ಎಳೆಯುವ ಪೈಪ್. ಎರೆಮಣ್ಣು ಉಬ್ಬಿ ಕುಗ್ಗುವಾಗ ಹೂತ ಪಿವಿಸಿ ಪೈಪಿನ ಜಾಯಿಂಟ್ ಬಿಡುವುದು ಇಲ್ಲಿ ಸಾಮಾನ್ಯ. ಪೈಪಿನ ಸುತ್ತ ಮರಳು ತುಂಬಿಸದೆ ಹೂತದ್ದೇ ಕಾರಣ. ರಾತ್ರಿ ಕೊಳಕ್ಕೆ ಹೊದಿಕೆ ಹಾಕಿದರೆ ಆವಿಯಾಗುವ ನೀರು ಬಹಳ ಉಳಿಯುತ್ತದೆ, ಆದರೆ ಹೊದಿಕೆ ಇರುವಾಗ ಮಕ್ಕಳು ಆ ಕಡೆ ಹೋಗದಂತೆ ನೋಡಿಕೊಳ್ಳಬೇಕು.

ಜೀವದ ವಿಷಯವಾದ್ದರಿಂದ ಇದನ್ನು ಒತ್ತಿ ಹೇಳುತ್ತೇವೆ. ಪಂಪಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿತವಾಗುವ ಸ್ವಿಚ್) ಇರಲೇಬೇಕು, ಅರ್ಥಿಂಗ್ ಸರಿಯಿರಬೇಕು, ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ ನೋಡಬೇಕು. ಅದು ಪದೇ ಪದೇ ಬೀಳುತ್ತಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದೇ ಅರ್ಥ. 'ಕಿರಿಕಿರಿ' ಎಂದು ಅದನ್ನು ತಪ್ಪಿಸಿ ನೇರ ವಯರ್ ಕೊಡುವ ಎಲೆಕ್ಟ್ರಿಷಿಯನ್‌ನನ್ನು ಒಳಗೆ ಬಿಡಬೇಡಿ. ಮೋಟರಿನ ವಯರ್ ಬಿಚ್ಚಿ ನೋಡಿ. ಆಗ ಬೀಳುವುದು ನಿಂತರೆ ತಪ್ಪು ಮೋಟರಿನಲ್ಲಿ, ಮೆಗ್ಗರಿನಲ್ಲಿ (ವಯರಿನ ಇನ್ಸುಲೇಷನ್ ಅಳೆಯುವ ಮೀಟರ್) ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಣಗಿಸಬೇಕು ಇಲ್ಲವೇ ವೈಂಡಿಂಗ್ ಮಾಡಿಸಬೇಕು. ನೀರೊಳಗಿನ ದೀಪ 12 ವೋಲ್ಟಿನದೇ ಆಗಿರಬೇಕು, ಅದರ ಟ್ರಾನ್ಸ್‌ಫಾರ್ಮರ್ ಕೊಳದಿಂದ ದೂರ ಇರಬೇಕು. ಗಾಜಿನೊಳಗೆ ನೀರು ಕಂಡರೆ ಗ್ಯಾಸ್ಕೆಟ್ ಬದಲಿಸುವವರೆಗೆ ದೀಪ ಹಚ್ಚಬೇಡಿ. ತಳದ ಡ್ರೇನಿನ ಜಾಲರಿ ಒಡೆದಿದ್ದರೆ ಅಂದು ಯಾರೂ ಕೊಳಕ್ಕೆ ಇಳಿಯಬಾರದು. ಪಂಪಿನ ಸೆಳೆತಕ್ಕೆ ಮಗುವಿನ ಕೂದಲು, ಕೈ ಸಿಕ್ಕರೆ ದೊಡ್ಡವರ ಬಲಕ್ಕೂ ಬಿಡಿಸಲಾಗುವುದಿಲ್ಲ. ಪಂಪಿನ ಸ್ವಿಚ್ ಎಲ್ಲಿದೆ ಎಂದು ಮನೆಯ ಎಲ್ಲರಿಗೂ ಗೊತ್ತಿರಲಿ.

ಕೊನೆಗೆ, ಕೊಳ ಕಟ್ಟಿಕೊಡುವವರಲ್ಲಿ ಮತ್ತು ಯಂತ್ರ ಮಾರುವವರಲ್ಲಿ ಒಂದು ಬೇಡಿಕೆ. ಈ ಯಂತ್ರ ನಡೆಸುವುದು ಮಾಲೀಕರಲ್ಲ, ತೋಟ ಕಾಯುವವರು, ಮನೆಗೆಲಸದವರು. ವಾಲ್ವಿನ ಮೇಲಿನ ಆರು ಪದಗಳೂ ಅವರಿಗೆ ಓದಲು ಬಾರದ ಭಾಷೆಯಲ್ಲಿವೆ. ಕೆಲಸ ಒಪ್ಪಿಸುವ ದಿನ ಪಂಪ್ ಕೋಣೆಯ ಗೋಡೆಗೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿಕೊಡಿ: ಕೊಳದಲ್ಲಿ ಎಷ್ಟು ಲೀಟರ್, ತೊಳೆದ ದಿನದ ಒತ್ತಡ ಎಷ್ಟು, ಆರು ಸ್ಥಾನಗಳಲ್ಲಿ ಯಾವುದು ಯಾವುದಕ್ಕೆ, ಯಾವ ವಾಲ್ವ್ ಯಾವ ಪೈಪಿನದು, ಕೆಪಾಸಿಟರಿನ ಅಂಕಿ, ಬೇರಿಂಗ್ ನಂಬರ್, ಸೀಲಿನ ಅಳತೆ, ಮರಳು ಹಾಕಿದ ತಿಂಗಳು. ಮೇಲ್ಗಡೆ ದೊಡ್ಡ ಅಕ್ಷರದಲ್ಲಿ 'ಪಂಪ್ ಆರಿಸಿದ ಮೇಲೆಯೇ ಹಿಡಿಕೆ ತಿರುಗಿಸಿ' ಎಂದಿರಲಿ. ಈಗಾಗಲೇ ಕೊಳ ಇರುವವರು ತಮ್ಮ ಮೆಕ್ಯಾನಿಕ್ ಮುಂದಿನ ಸಲ ಬಂದಾಗ ಅವರಿಂದಲೇ ಇದನ್ನು ಬರೆಸಿಕೊಳ್ಳಬಹುದು, ಅರ್ಧ ತಾಸಿನ ಕೆಲಸ.

ಇಂತಿ,
ಈಜುಕೊಳ ಯಂತ್ರ ದುರಸ್ತಿ ಕೆಲಸಗಾರರು,
ವಿಜಯಪುರ